ಗಾಲಿಯೊಳಗಿನ ಜಾಗದ ಜಗಳ

ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಕಾರಿನ ಗಾಲಿಯೊಳಕ್ಕೆ ಯಾವತ್ತಾದರೂ ಇಣುಕಿ ನೋಡಿದ್ದೀರಾ? ಸ್ವಲ್ಪ ದುಬಾರಿ ಕಾರಾಗಿದ್ದರೆ ಅಲಾಯ್ ವೀಲಿನ ಸ್ಪೋಕುಗಳ ಸಂದಿಯಲ್ಲಿ ಹೊಳೆಯುವ ಒಂದು ತಟ್ಟೆ, ಅದನ್ನು ಒಂದು ಬದಿಯಲ್ಲಿ ಕಚ್ಚಿಕೊಂಡು ಕೂತ ಕೆಂಪು ಬಣ್ಣದ ಒಂದು ಗಡ್ಡೆ ಕಾಣಿಸುತ್ತೆ. ತಟ್ಟೆ ಅಂದ್ರೆ ಬ್ರೇಕ್ ಡಿಸ್ಕ್, ಗಡ್ಡೆ ಅಂದ್ರೆ ಕ್ಯಾಲಿಪರ್. ಆ ಗಡ್ಡೆಗೂ ಗಾಲಿಗೂ ನಡುವೆ ಎಷ್ಟು ಜಾಗ ಇದೆ ಅಂತ ಒಮ್ಮೆ ನೋಡಿ. ಕೆಲವು ಕಾರುಗಳಲ್ಲಿ ಒಂದು ಪೆನ್ಸಿಲ್ ಕೂಡ ತೂರಲ್ಲ.

ಇವತ್ತು ನಾನು ಬರೆಯಹೊರಟಿರೋದು ಆ ಸಂದಿಯ ಬಗ್ಗೆ. "ಇದೂ ಒಂದು ವಿಷಯಾನಾ ಮಾರಾಯ" ಅಂತ ಪುಟ ಮುಚ್ಚಬೇಡಿ, ಸ್ವಲ್ಪ ತಾಳಿ :) ಹೊಟ್ಟೆಪಾಡಿಗೆ ಕೋಡ್ ಬರೆಯೋನಾದರೂ ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಆ ನಾಲ್ಕು ವರ್ಷದಲ್ಲಿ ತಲೆಗೆ ಹತ್ತಿದ್ದು ಕಮ್ಮಿ, ಹತ್ತಿದ್ದು ಮಾತ್ರ ಬಿಟ್ಟು ಹೋಗಿಲ್ಲ. ಈ ಬೆರಳಗಲದ ಸಂದಿಗೆ ನೂರು ವರ್ಷದ ಇತಿಹಾಸ ಇದೆ. ಗಾಲಿ ಮತ್ತು ಬ್ರೇಕು ಒಂದೇ ಕೋಣೆಯಲ್ಲಿ ವಾಸ ಮಾಡೋ ಇಬ್ಬರು ಬಾಡಿಗೆದಾರರು ಅಂದುಕೊಳ್ಳಿ. ಯಾರು ಎಷ್ಟು ಜಾಗ ತಗೋಬೇಕು ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ.

ಬ್ರೇಕಿಗೆ ಅಷ್ಟು ಜಾಗ ಯಾಕೆ ಬೇಕು?

ಮೊದಲು ಒಂದು ಚಿಕ್ಕ ಲೆಕ್ಕ. ಹೆದರಬೇಡಿ, ಹೈಸ್ಕೂಲ್ ಲೆಕ್ಕ. 1000 ಕೆ.ಜಿ. ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡುತ್ತಿದ್ದರೆ ಅದರ ಚಲನಶಕ್ತಿ ಸುಮಾರು 386 ಕಿಲೋಜೌಲ್. ಬ್ರೇಕ್ ಒತ್ತಿ ನಿಲ್ಲಿಸಿದಾಗ ಇದರ ಬಹುಪಾಲು ಬ್ರೇಕಿನಲ್ಲಿ ಶಾಖವಾಗಿ ಸೇರಿಕೊಳ್ಳುತ್ತೆ. ಅಷ್ಟು ಶಾಖಕ್ಕೆ ಒಂದು ಲೀಟರಿಗೂ ಹೆಚ್ಚು ತಣ್ಣೀರು ಕುದಿಯೋ ಹಂತಕ್ಕೆ ಬರುತ್ತೆ. ಅದೂ ಕೆಲವೇ ಸೆಕೆಂಡುಗಳಲ್ಲಿ! ವೇಗ 200ಕ್ಕೆ ಏರಿದರೆ ಶಾಖ ಎರಡರಷ್ಟಲ್ಲ, ನಾಲ್ಕರಷ್ಟು.

ಹಾಗಾಗಿ ಕಾರುಗಳ ವೇಗ ಹೆಚ್ಚಿದಂತೆಲ್ಲ ಈ ಶಾಖವನ್ನು ಹೀರಿಕೊಂಡು ಗಾಳಿಗೆ ಬಿಡಲು ದೊಡ್ಡ ಬ್ರೇಕು ಬೇಕಾಯ್ತು. ಜೊತೆಗೆ ಡಿಸ್ಕಿನ ವ್ಯಾಸ ಹೆಚ್ಚಿದ್ದರೆ ಅದೇ ಹಿಡಿತದಿಂದ ಹೆಚ್ಚು ತಿರುಚುಬಲ ಸಿಗುತ್ತೆ. ಬಾಗಿಲನ್ನು ತಿರುಗಣಿಯ ಹತ್ತಿರ ತಳ್ಳೋದಕ್ಕೂ ಹಿಡಿಯ ಹತ್ತಿರ ತಳ್ಳೋದಕ್ಕೂ ಇರೋ ವ್ಯತ್ಯಾಸ ಅದು. ಆದರೆ ಬ್ರೇಕು ಕೂತಿರೋದು ಗಾಲಿಯ ಹೊಟ್ಟೆಯೊಳಗೆ. ಹೊಟ್ಟೆ ಇದ್ದಷ್ಟೇ ಊಟ..

ಎರಡನ್ನೂ ಒಂದೇ ಮಾಡಿದವನು

ಡಿಸ್ಕ್ ಬ್ರೇಕು ಹೊಸದು ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಫ್ರೆಡ್ರಿಕ್ ಲ್ಯಾಂಚೆಸ್ಟರ್ ಅದಕ್ಕೆ ಪೇಟೆಂಟ್ ಪಡೆದದ್ದು 1902ರಲ್ಲಿ. ತೆಳುವಾದ ಲೋಹದ ತಟ್ಟೆ, ಅದನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ದವಡೆ. ಇವತ್ತಿನದ್ದೇ ಉಪಾಯ. ಆದರೆ ಆಗ ಒಳ್ಳೆಯ ಘರ್ಷಣಾ ವಸ್ತು ಇರಲಿಲ್ಲ. ತಾಮ್ರದ ಪ್ಯಾಡು ಲೋಹಕ್ಕೆ ಉಜ್ಜಿ ಕಿವಿ ಹರಿಯೋ ಹಾಗೆ ಕಿರುಚುತ್ತಿತ್ತು, ಬೇಗ ಸವೆಯುತ್ತಿತ್ತು. ಹೀಗಾಗಿ ಮುಂದಿನ ಅರ್ಧ ಶತಮಾನ ರಾಜ್ಯಭಾರ ಮಾಡಿದ್ದು ಡ್ರಮ್ ಬ್ರೇಕು. ತಿರುಗುವ ಡಬ್ಬಿಯೊಳಗೆ ಎರಡು ಶೂಗಳು ಹೊರಕ್ಕೆ ಅಗಲಿ ಒತ್ತುವ ವ್ಯವಸ್ಥೆ.

ಡ್ರಮ್ಮಿಗೆ ಒಂದು ಅನುಕೂಲ ಇತ್ತು. ಅದು ದುಂಡು, ಗಾಲಿಯೂ ದುಂಡು. ದುಂಡನೆಯ ಡಬ್ಬಿಯೊಳಗೆ ಅದಕ್ಕಿಂತ ಸ್ವಲ್ಪ ಚಿಕ್ಕ ಡಬ್ಬಿ ಇಟ್ಟ ಹಾಗೆ, ಸುತ್ತಲೂ ಒಂದೇ ಸಮ ಸಂದಿ. 1924ರಲ್ಲಿ ಲಿಯಾನ್ ಗ್ರ್ಯಾನ್ ಪ್ರೀಗೆ ಬಂದ ಬುಗಾಟಿ ಟೈಪ್ 35 ಕಾರಿನಲ್ಲಿ ಎಟೋರೆ ಬುಗಾಟಿ ಈ ಸಂದಿಯನ್ನೇ ತೆಗೆದು ಹಾಕಿಬಿಟ್ಟ! ಎಂಟು ಚಪ್ಪಟೆ ಸ್ಪೋಕುಗಳ ಅಲ್ಯೂಮಿನಿಯಂ ಗಾಲಿ, ಅದರ ಜೊತೆಗೇ ಎರಕವಾದ ಬ್ರೇಕ್ ಡ್ರಮ್. ಗಾಲಿ ಬಿಚ್ಚಿದರೆ ಡ್ರಮ್ಮೂ ಜೊತೆಗೇ ಬರುತ್ತೆ, ಒಳಗಿನ ಶೂಗಳು ಎಷ್ಟು ಸವೆದಿವೆ ಅಂತ ಕಣ್ಣಿಗೇ ಕಾಣುತ್ತೆ. ಜಗಳಕ್ಕೆ ಸಿಕ್ಕ ಮೊದಲ ಚೆಂದದ ರಾಜಿ ಇದು: ಇಬ್ಬರು ಬಾಡಿಗೆದಾರರಿಗೆ ಮದುವೆ ಮಾಡಿಸಿದ್ದು :)

ಗಡ್ಡೆ ಬಂತು, ಗಲಾಟೆ ಶುರು

ಡ್ರಮ್ಮಿನ ಸಮಸ್ಯೆ ಅದರ ಡಬ್ಬಿಯೇ. ಶಾಖ ಒಳಗೇ ಉಳಿಯುತ್ತೆ. ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತೆ, ಪೆಡಲ್ ಎಷ್ಟು ತುಳಿದರೂ ಕಾರು ನಿಲ್ಲಲ್ಲ. 1950ರ ದಶಕದ ಆರಂಭದಲ್ಲಿ ಡನ್‌ಲಪ್ ಮತ್ತು ಜಾಗ್ವಾರ್ ಸೇರಿ ಡಿಸ್ಕನ್ನು ಮತ್ತೆ ಕೈಗೆತ್ತಿಕೊಂಡರು. 1952ರಲ್ಲಿ ಸ್ಟರ್ಲಿಂಗ್ ಮಾಸ್ ಡಿಸ್ಕ್ ಬ್ರೇಕಿನ ಸಿ-ಟೈಪ್ ಜಾಗ್ವಾರಿನಲ್ಲಿ ಫ್ರಾನ್ಸಿನ ರ್‍ಹೇಮ್ಸಿನಲ್ಲಿ ಗೆದ್ದ. ಮುಂದಿನ ವರ್ಷ, 1953ರ ಲೆ ಮಾನ್ 24 ಗಂಟೆಗಳ ಓಟದಲ್ಲಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಅದೇ ಮಾದರಿಯ ಕಾರಿನಲ್ಲಿ ಗೆದ್ದರು. ಅಲ್ಲಿ ಮೊದಲ ಬಾರಿಗೆ ಗೆದ್ದ ಕಾರಿನ ಸರಾಸರಿ ವೇಗ ಗಂಟೆಗೆ 100 ಮೈಲಿ ದಾಟಿತು. ಉದ್ದನೆಯ ನೇರ ದಾರಿಯ ಕೊನೆಯಲ್ಲಿ ಡ್ರಮ್ ಬ್ರೇಕಿನವರು ಮೊದಲೇ ವೇಗ ಇಳಿಸಬೇಕಿತ್ತು, ಇವರು ಇನ್ನೂ ಮುಂದೆ ಹೋಗಿ ತುಳಿಯುತ್ತಿದ್ದರು.

ಅಂದ್ರೆ ಗೆದ್ದದ್ದು ನಿಲ್ಲೋ ಶಕ್ತಿಯಿಂದ.

ಆದರೆ ಇಲ್ಲಿಂದಲೇ ನಮ್ಮ ಸಂದಿಯ ಕಥೆ ಜಟಿಲವಾಗೋದು. ಕ್ಯಾಲಿಪರ್ ದುಂಡಗಿಲ್ಲ. ಡಿಸ್ಕಿನ ಅಂಚಿನಿಂದ ಹೊರಗೆ ಸೇತುವೆಯ ಹಾಗೆ ಉಬ್ಬಿರುತ್ತೆ, ಪಕ್ಕಕ್ಕೂ ಚಾಚಿರುತ್ತೆ. ಹಾಗಾಗಿ ಅದು ಗಾಲಿಗೆ ಎರಡು ಕಡೆ ತಗಲಬಹುದು. ಒಂದು, ಮೇಲ್ಗಡೆ ರಿಮ್ಮಿನ ಒಳಮೈಗೆ. ಇನ್ನೊಂದು, ಪಕ್ಕದಲ್ಲಿ ಸ್ಪೋಕುಗಳ ಬೆನ್ನಿಗೆ. ಈ ಎರಡು ತಗಲಾಟ ನೆನಪಿಟ್ಟುಕೊಳ್ಳಿ, ಕೊನೆಯವರೆಗೂ ಬೇಕಾಗುತ್ತೆ.

ಬ್ರೇಕನ್ನು ಮನೆಯಿಂದಾಚೆ ಹಾಕಿದರು

ಜಗಳ ಬಿಡಿಸೋ ಇನ್ನೊಂದು ದಾರಿ, ಒಬ್ಬರನ್ನು ಮನೆ ಖಾಲಿ ಮಾಡಿಸೋದು. 1954ರ ಮರ್ಸಿಡೀಸ್ ಡಬ್ಲ್ಯೂ196 ರೇಸ್ ಕಾರಿನಲ್ಲಿ ದೊಡ್ಡ ದೊಡ್ಡ ಡ್ರಮ್ಮುಗಳನ್ನು ಗಾಲಿಯಿಂದ ತೆಗೆದು ಕಾರಿನ ಒಡಲಿನೊಳಗೆ ಇಟ್ಟರು. ಗಾಲಿಗೂ ಬ್ರೇಕಿಗೂ ಮಧ್ಯೆ ಒಂದು ಶಾಫ್ಟ್. 1955ರ ಸಿಟ್ರೊಯೆನ್ ಡಿಎಸ್ ಕಾರಿನ ಮುಂದಿನ ಡಿಸ್ಕುಗಳೂ ಒಳಗಡೆ ಗೇರ್‌ಬಾಕ್ಸಿನ ಪಕ್ಕದಲ್ಲೇ ಇದ್ದವು. ಗಾಲಿಯ ಜೊತೆ ಮೇಲೆ ಕೆಳಗೆ ಕುಣಿಯೋ ತೂಕ ಕಮ್ಮಿಯಾಗುತ್ತೆ ಅನ್ನೋದು ಇದರ ಮುಖ್ಯ ಲಾಭ. ಗಾಲಿಯೊಳಗೆ ಜಾಗದ ತಕರಾರಿಲ್ಲ ಅನ್ನೋದು ಪುಕ್ಕಟೆ ಲಾಭ.

ಕಾಲಿನ್ ಚಾಪ್‌ಮನ್ 1970ರ ಲೋಟಸ್ 72 ಕಾರಿನಲ್ಲೂ ಮುಂದಿನ ಬ್ರೇಕುಗಳನ್ನು ಒಳಗೆ ಇಟ್ಟ. ಆ ಕಾರು ಗೆಲ್ಲುತ್ತಲೇ ಹೋಯಿತು. ಆದರೆ 1970ರ ಸೆಪ್ಟೆಂಬರ್ 5ರಂದು ಇಟಲಿಯ ಮೊಂಜಾದಲ್ಲಿ ಅಭ್ಯಾಸದ ವೇಳೆ ಯೋಹೆನ್ ರಿಂಟ್ ಬ್ರೇಕ್ ಹಾಕಿದಾಗ ಮುಂದಿನ ಬಲಗಡೆಯ ಬ್ರೇಕ್ ಶಾಫ್ಟ್ ಮುರಿಯಿತು. ಕಾರು ತಡೆಗೋಡೆಗೆ ಅಪ್ಪಳಿಸಿ ಆತ ತೀರಿಕೊಂಡ. ಆ ವರ್ಷದ ವಿಶ್ವ ಚಾಂಪಿಯನ್ ಪಟ್ಟ ಸಂದಿದ್ದು ಅವನಿಗೇ. ಫಾರ್ಮುಲಾ ಒನ್ ಇತಿಹಾಸದಲ್ಲಿ ಮರಣಾನಂತರ ಚಾಂಪಿಯನ್ ಆದವನು ಅವನೊಬ್ಬನೇ. ಸಾವಿಗೆ ತಡೆಗೋಡೆಯ ಲೋಪವೂ ಕಾರಣವಾಗಿತ್ತು. ಆದರೂ ಈ ಘಟನೆ ಓದಿದಾಗಲೆಲ್ಲ ನನಗೆ ಅನ್ನಿಸೋದು ಒಂದೇ. ಬ್ರೇಕು ಮತ್ತು ಗಾಲಿಯ ನಡುವೆ ನಾವು ಸೇರಿಸೋ ಪ್ರತಿಯೊಂದು ತುಂಡೂ ಮುರಿಯಬಲ್ಲ ಇನ್ನೊಂದು ತುಂಡು.

ಹತ್ತು ಇಂಚಿನ ಹಟ

ಈ ಇಡೀ ಇತಿಹಾಸದಲ್ಲಿ ನನಗೆ ತುಂಬಾ ಇಷ್ಟವಾದದ್ದು ಬ್ರಿಟನ್ನಿನ ಪುಟಾಣಿ ಕಾರು ಮಿನಿಯ ಕಥೆ. 1959ರಲ್ಲಿ ಮಾರುಕಟ್ಟೆಗೆ ಬಂದ ಇದನ್ನು ಅಲೆಕ್ ಇಸಿಗೋನಿಸ್ ವಿನ್ಯಾಸ ಮಾಡಿದಾಗ ಕಾರಿನ ಉದ್ದ ಬರೀ 10 ಅಡಿ. ಗಾಲಿ ದೊಡ್ಡದಾದರೆ ಕೂರೋರ ಜಾಗ ತಿನ್ನುತ್ತೆ ಅಂತ 10 ಇಂಚಿನ ಗಾಲಿ ಸಾಕು ಅಂದ. ಡನ್‌ಲಪ್ ಅದಕ್ಕೆ ತಕ್ಕ ಟೈರು ಮಾಡಿಕೊಟ್ಟಿತು. ಒಳಗೆ ಪುಟ್ಟ ಡ್ರಮ್ಮುಗಳು.

ರೇಸ್ ಕಾರು ಕಟ್ಟುತ್ತಿದ್ದ ಜಾನ್ ಕೂಪರ್ ಈ ಕಾರಿನಲ್ಲಿ ಬೇರೆಯೇ ಏನನ್ನೋ ಕಂಡ. ಅವನ ಒತ್ತಾಯದಿಂದ 1961ರಲ್ಲಿ ಮಿನಿ ಕೂಪರ್ ಬಂತು. ಎಂಜಿನ್ನಿನ ಶಕ್ತಿ ಹೆಚ್ಚಿತು, ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕ್ ಬಂತು. ಎಷ್ಟು ದೊಡ್ಡ ಡಿಸ್ಕು? ಕೇವಲ 7 ಇಂಚು. ಅಷ್ಟು ಸಾಲಲಿಲ್ಲ. 1963ರ ಕೂಪರ್ ಎಸ್‌ನಲ್ಲಿ 7.5 ಇಂಚಿನ, ಇನ್ನೂ ದಪ್ಪನೆಯ ಡಿಸ್ಕ್ ಹಾಕಿದರು. ಅರ್ಧ ಇಂಚು ಅಂತ ನಗಬೇಡಿ, ಆ ಅರ್ಧ ಇಂಚಿಗೆ ಎಷ್ಟು ಪರದಾಟ ಅಂತ ಲೆಕ್ಕ ಹಾಕೋಣ ಬನ್ನಿ.

10 ಇಂಚು ಅಂದ್ರೆ 254 ಮಿ.ಮೀ. 7.5 ಇಂಚು ಅಂದ್ರೆ 190.5 ಮಿ.ಮೀ. ವ್ಯತ್ಯಾಸ 63.5, ಅಂದ್ರೆ ಒಂದೊಂದು ಬದಿಗೆ 32 ಮಿ.ಮೀ.ಗಿಂತ ಸ್ವಲ್ಪ ಕಮ್ಮಿ. ಸಾಕಷ್ಟಾಯ್ತಲ್ಲ ಅಂತೀರಾ? ಇಲ್ಲೇ ಇರೋದು ಗುಟ್ಟು. ಗಾಲಿಯ ಮೇಲೆ ಬರೆದಿರೋ ಇಂಚು ಒಳಗಿನ ಜಾಗದ ಅಳತೆ ಅಲ್ಲವೇ ಅಲ್ಲ! ಅದು ಟೈರಿನ ಅಂಚು ಕೂರುವ ಜಾಗದ ವ್ಯಾಸ. ಟೈರನ್ನು ರಿಮ್ಮಿಗೆ ಏರಿಸುವಾಗ ಅದರ ಒಂದು ಬದಿ ಇಳಿಯಲಿಕ್ಕೆ ಅಂತ ರಿಮ್ಮಿನ ನಡುವೆ ಒಂದು ಹಳ್ಳ ಇರುತ್ತೆ. ಟೈರಿನ ಕಡೆಯಿಂದ ಅದು ಹಳ್ಳ, ಬ್ರೇಕಿನ ಕಡೆಯಿಂದ ಅದೇ ಗುಡ್ಡ. ಆ ಗುಡ್ಡದ ಎತ್ತರ, ಲೋಹದ ದಪ್ಪ ಎರಡನ್ನೂ ಕಳೆದ ಮೇಲೆ ಉಳಿದದ್ದರಲ್ಲಿ ಕ್ಯಾಲಿಪರಿನ ಸೇತುವೆ ತೂರಬೇಕು. ಸ್ವಲ್ಪ ಗಾಳಿಯೂ ಆಡಬೇಕು.

ಅಷ್ಟೇ ಜಾಗದಲ್ಲಿ ಆ ಕಾರು ಮಾಡಿದ್ದು ಸಾಮಾನ್ಯ ಸಾಧನೆಯಲ್ಲ. 1964ರಲ್ಲಿ ಪ್ಯಾಡಿ ಹಾಪ್‌ಕರ್ಕ್, 1965ರಲ್ಲಿ ಟಿಮೋ ಮ್ಯಾಕಿನೆನ್, 1967ರಲ್ಲಿ ರೌನೋ ಆಲ್ಟೊನೆನ್, ಮೂವರೂ ಮಿನಿಯಲ್ಲೇ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದರು. ಹಿಮ ಬಿದ್ದ ಬೆಟ್ಟದ ತಿರುವುಗಳಲ್ಲಿ ಇಳಿಯೋ ಕಾರು ಅದು!

1974ರಲ್ಲಿ 1275 ಜಿಟಿ ಮಾದರಿಗೆ 12 ಇಂಚಿನ ಗಾಲಿ ಕೊಟ್ಟರು, ಜೊತೆಗೇ ಡಿಸ್ಕು 8.4 ಇಂಚಾಯ್ತು. 1984ರಲ್ಲಿ ಎಲ್ಲ ಮಿನಿಗಳಿಗೂ ಇದೇ ಜೋಡಿ ಬಂತು. ಗಾಲಿ ಬೆಳೆದ ಮೇಲೆ ಬ್ರೇಕೂ ಬೆಳೆಯಿತು. ಆದರೆ ಹಳೆಯ 10 ಇಂಚಿನ ಗಾಲಿಯ ಅಂದಕ್ಕೆ ಮರುಳಾದವರು ಇದ್ದೇ ಇದ್ದರಲ್ಲ. 1960ರ ದಶಕದ ಮಿನಿಲೈಟ್ ಮೆಗ್ನೀಷಿಯಂ ಗಾಲಿ ನೋಡಿದರೆ ನೀವೂ ಮರುಳಾಗ್ತೀರಿ. 8.4 ಇಂಚಿನ ಡಿಸ್ಕು ಅದರೊಳಗೆ ಹೋಗಲ್ಲ. ಅಂಥವರಿಗಾಗಿ ಬಿಡಿಭಾಗ ತಯಾರಕರು ನಡುವಿನ ದಾರಿ ಹುಡುಕಿದರು: 7.9 ಇಂಚಿನ ಡಿಸ್ಕು, ಅದಕ್ಕೆ ನಾಲ್ಕು ಪಿಸ್ಟನ್ನಿನ ಅಲ್ಯೂಮಿನಿಯಂ ಕ್ಯಾಲಿಪರು. ಆದರೂ ಅದು ಎಲ್ಲ 10 ಇಂಚಿನ ಗಾಲಿಗಳಿಗೂ ಕೂರಲ್ಲ. ಇಂಚು ಒಂದೇ, ಒಳಗಿನ ಗುಡ್ಡ ಬೇರೆ ಬೇರೆ.

ಗಾಲಿಯೇ ಸೋತು ಬೆಳೆಯಿತು

ಕೊನೆಗೆ ಎಲ್ಲರೂ ಹಿಡಿದದ್ದು ಗಾಲಿಯನ್ನು ದೊಡ್ಡದು ಮಾಡೋ ದಾರಿ. ಗಾಲಿ ದೊಡ್ಡದಾದರೆ ಕಾರು ಎತ್ತರ ಆಗಲ್ವಾ, ಸ್ಪೀಡೋಮೀಟರ್ ತಪ್ಪು ತೋರಿಸಲ್ವಾ? ಆಗಲ್ಲ, ಟೈರಿನ ಗೋಡೆ ಕುಳ್ಳಗಾದರೆ. 195/65 ಆರ್15 ಟೈರಿನ ಒಟ್ಟು ವ್ಯಾಸ ಸುಮಾರು 634 ಮಿ.ಮೀ. 225/45 ಆರ್17 ಟೈರಿನದ್ದೂ ಸುಮಾರು 634. ಹೊರಗಿನಿಂದ ಒಂದೇ. ಒಳಗಡೆ ಬ್ರೇಕಿಗೆ ಎರಡು ಇಂಚು ಜಾಗ ಸಿಕ್ಕಿತು, ಅದನ್ನು ಕೊಟ್ಟದ್ದು ಟೈರಿನ ಗೋಡೆ. 127 ಮಿ.ಮೀ. ಇದ್ದದ್ದು 101ಕ್ಕೆ ಇಳಿಯಿತು. 1970ರ ದಶಕದ ಮಧ್ಯದಲ್ಲಿ ಬಂದ ಪಿರೆಲ್ಲಿ ಪಿ7ನಂಥ ಕುಳ್ಳ ಗೋಡೆಯ ಟೈರುಗಳು ಈ ಬಾಗಿಲು ತೆರೆದವು.

ಆಮೇಲಿನದ್ದು ಸಾಲು ಸಾಲು. ಪೋರ್ಶೆ 911 ಟರ್ಬೋ 1975ರಲ್ಲಿ 15 ಇಂಚಿನ ಗಾಲಿಯಲ್ಲಿ ಶುರುವಾಯ್ತು. 1978ರ 3.3 ಲೀಟರ್ ಮಾದರಿಗೆ 917 ರೇಸ್ ಕಾರಿನಿಂದ ಇಳಿದು ಬಂದ ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್ ಹಾಕಿದಾಗ ಗಾಲಿ 16 ಇಂಚು. ಜಪಾನಿನ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ 1989ರಲ್ಲಿ ಬಂದಾಗ 296 ಮಿ.ಮೀ. ಡಿಸ್ಕು, 16 ಇಂಚಿನ ಗಾಲಿ. 1993ರ ವಿ-ಸ್ಪೆಕ್ ಮಾದರಿಯಲ್ಲಿ 324 ಮಿ.ಮೀ. ಡಿಸ್ಕಿನ ಬ್ರೆಂಬೊ ಬ್ರೇಕ್ ಬಂತು, ಅದರ ಜೊತೆಗೇ 17 ಇಂಚಿನ ಬಿಬಿಎಸ್ ಗಾಲಿ. 1998ರ ಮಿತ್ಸುಬಿಷಿ ಲ್ಯಾನ್ಸರ್ ಎವೊ 5ರಲ್ಲೂ ಬ್ರೆಂಬೊ ಒಳಗೆ ಬಂದಾಗ ಗಾಲಿ 16ರಿಂದ 17ಕ್ಕೆ ಏರಿತು. ಗಮನಿಸಿದ್ರಾ? ಬಹುತೇಕ ಗಾಲಿ ಮತ್ತು ಬ್ರೇಕು ಒಟ್ಟೊಟ್ಟಿಗೇ ಬೆಳೆದವು. ಒಂದನ್ನು ಇವತ್ತು ಕೊಂಡು ಇನ್ನೊಂದನ್ನು ನಾಳೆ ನೋಡೋಣ ಅನ್ನೋದು ಕಾರ್ಖಾನೆಯವರ ರೀತಿಯಲ್ಲ.

ಕಡೆಗೆ ಶರಣಾದದ್ದು ಫಾರ್ಮುಲಾ ಒನ್. ದಶಕಗಳ ಕಾಲ 13 ಇಂಚಿನ ಗಾಲಿಗೆ ಅಂಟಿಕೊಂಡಿತ್ತು. ಆ ಗಾಲಿಯೊಳಗೆ 278 ಮಿ.ಮೀ.ಗಿಂತ ದೊಡ್ಡ ಡಿಸ್ಕು ಹಾಕುವಂತಿರಲಿಲ್ಲ. 2022ರಲ್ಲಿ 18 ಇಂಚಿನ ಗಾಲಿ ಬಂತು, ಮುಂದಿನ ಡಿಸ್ಕಿನ ಮಿತಿ 330 ಮಿ.ಮೀ.ಗೆ ಏರಿತು.

ಹಾಗಾದ್ರೆ ನಮ್ಮ ಕಾರಿಗೆ?

ಈ ಇತಿಹಾಸ ಎಲ್ಲ ಯಾಕೆ ಕೊರೆದೆ ಅಂದ್ರೆ, ಇತ್ತೀಚೆಗೆ ಗೆಳೆಯನೊಬ್ಬ ತನ್ನ ಕಾರಿಗೆ ನಾಲ್ಕು ಪಿಸ್ಟನ್ನಿನ ದೊಡ್ಡ ಬ್ರೇಕು ತರಿಸಿ, ಅದಕ್ಕೆ ಗಾಲಿ ಹುಡುಕುತ್ತಾ ಅಂಗಡಿ ಅಲೆಯುತ್ತಿದ್ದ. ಅಂಗಡಿಯೊಂದರಲ್ಲಿ "ಬೋಲ್ಟ್ ಕೂತರೆ ಆಯ್ತು ಸಾರ್, ಕ್ಯಾಲಿಪರ್ ತಗಲಿದ್ರೆ ಒಂದು ಸ್ಪೇಸರ್ ಹಾಕೋಣ, ಇಲ್ಲಾಂದ್ರೆ ಸ್ವಲ್ಪ ಉಜ್ಜಿಬಿಡೋಣ" ಅಂದರಂತೆ. ಕೇಳಿ ಎದೆ ಝಲ್ಲೆಂದಿತು. ಕ್ಯಾಲಿಪರಿನೊಳಗೆ ಇರೋದು ಭಾರೀ ಒತ್ತಡದ ಎಣ್ಣೆ. ಅದರ ಗೋಡೆ ಉಜ್ಜೋದೂ ಒಂದೇ, ಕುಕ್ಕರಿನ ಮುಚ್ಚಳ ಅರೆದು ತೆಳು ಮಾಡೋದೂ ಒಂದೇ.

ಗಾಲಿ ಕೊಳ್ಳುವಾಗ ಬೋಲ್ಟುಗಳ ಸಂಖ್ಯೆ, ಅವುಗಳ ವೃತ್ತದ ವ್ಯಾಸ, ನಡುವಿನ ತೂತು, ಅಗಲ, ಆಫ್‌ಸೆಟ್ ಎಲ್ಲ ಕೇಳ್ತಾರೆ. ಆಫ್‌ಸೆಟ್ ಅಂದ್ರೆ ರಿಮ್ಮಿನ ನಡುಗೆರೆಯಿಂದ ಗಾಲಿ ಹಬ್ಬಿಗೆ ಕೂರುವ ಮುಖ ಎಷ್ಟು ದೂರ ಅನ್ನೋದು. ಇವೆಲ್ಲ ಸರಿ ಇದ್ದೂ ಗಾಲಿ ತಗಲಬಹುದು, ಯಾಕಂದ್ರೆ ಸ್ಪೋಕಿನ ಬಾಗು ಯಾವ ಸಂಖ್ಯೆಯಲ್ಲೂ ಇಲ್ಲ. ಒಂದೇ ಆಫ್‌ಸೆಟ್ಟಿನ ಎರಡು ಗಾಲಿಗಳಲ್ಲಿ ಒಂದರ ಸ್ಪೋಕು ಹೊರಕ್ಕೆ ಉಬ್ಬಿ ಕ್ಯಾಲಿಪರಿಗೆ ಜಾಗ ಬಿಡುತ್ತೆ, ಇನ್ನೊಂದರದ್ದು ಒಳಕ್ಕೆ ಬಗ್ಗಿ ಕೂತಿರುತ್ತೆ. ನಮ್ಮ ಸಾಮಾನ್ಯ ಕಾರುಗಳ ಜಾರುವ ಕ್ಯಾಲಿಪರಿನಲ್ಲಿ ಪಿಸ್ಟನ್ ಒಳಬದಿಗೆ ಮಾತ್ರ ಇರೋದರಿಂದ ಹೊರಬದಿ ತೆಳು. ದೊಡ್ಡ ಬ್ರೇಕಿನ ಸ್ಥಿರ ಕ್ಯಾಲಿಪರಿನಲ್ಲಿ ಎರಡೂ ಬದಿಗೆ ಪಿಸ್ಟನ್, ಹಾಗಾಗಿ ಹೊರಬದಿಯೂ ದಪ್ಪ. ಇಂಚು ಸಾಕಾದರೂ ಸ್ಪೋಕು ತಗಲೋದು ಇದಕ್ಕೇ.

ದಾರಿ ತುಂಬಾ ಸರಳ. ದೊಡ್ಡ ಬ್ರೇಕು ಮಾಡೋ ಒಳ್ಳೆ ತಯಾರಕರು ಕ್ಯಾಲಿಪರಿನ ಅಡ್ಡಕೊಯ್ತದ ನಕ್ಷೆಯನ್ನು ನಿಜ ಅಳತೆಯಲ್ಲೇ ಕೊಡ್ತಾರೆ. ಅದನ್ನು ಮುದ್ರಿಸಿ, ಅಳತೆ ಸರಿ ಬಂದಿದೆಯಾ ಅಂತ ಸ್ಕೇಲ್ ಇಟ್ಟು ನೋಡಿ, ರಟ್ಟಿಗೆ ಅಂಟಿಸಿ ಕತ್ತರಿಸಿ. ಟೈರು ಹಾಕುವ ಮೊದಲೇ ಖಾಲಿ ಗಾಲಿಯೊಳಗೆ ಆ ರಟ್ಟನ್ನು ಹಬ್ಬಿನ ಮುಖಕ್ಕೆ ಆನಿಸಿ ಸುತ್ತಲೂ ತಿರುಗಿಸಿ. ಎಲ್ಲೂ 3 ಮಿ.ಮೀ.ಗಿಂತ ಕಮ್ಮಿ ಸಂದಿ ಇರದಿದ್ದರೆ ಒಳ್ಳೇದು. ಕಾದಾಗ ಲೋಹ ಹಿಗ್ಗುತ್ತೆ, ತಿರುವಿನಲ್ಲಿ ಗಾಲಿ ಸ್ವಲ್ಪ ಬಾಗುತ್ತೆ. ಬ್ಯಾಲೆನ್ಸ್ ಮಾಡುವಾಗ ರಿಮ್ಮಿನ ಒಳಮೈಗೆ ಅಂಟಿಸೋ ಸೀಸದಂಥ ತುಂಡುಗಳಿಗೂ ಜಾಗ ಬೇಕು.

ಸ್ಪೇಸರ್ ಬಗ್ಗೆ ಒಂದು ಮಾತು. ಅದು ಗಾಲಿಯನ್ನು ಹೊರಕ್ಕೆ ತಳ್ಳುತ್ತೆ, ಹಾಗಾಗಿ ಸ್ಪೋಕಿನ ತಗಲಾಟಕ್ಕೆ ಉತ್ತರವಾಗಬಹುದು. ಮೇಲ್ಗಡೆ ರಿಮ್ಮಿಗೆ ತಗಲಿದರೆ ಅದರಿಂದ ಹೆಚ್ಚು ಪ್ರಯೋಜನ ಇಲ್ಲ. ಹಾಕಲೇಬೇಕಾದರೆ ಬೋಲ್ಟಿನ ಹಿಡಿತ ಎಷ್ಟು ಸುತ್ತು ಕಮ್ಮಿಯಾಯ್ತು, ಗಾಲಿ ಇನ್ನೂ ಹಬ್ಬಿನ ತುಟಿಯ ಮೇಲೆ ಕೂರುತ್ತಾ ಅಂತ ನೋಡಲೇಬೇಕು. ಮೊಂಜಾದ ಶಾಫ್ಟ್ ನೆನಪಿದೆಯಲ್ಲ, ನಡುವೆ ಸೇರಿಸೋ ಪ್ರತಿ ತುಂಡಿಗೂ ಲೆಕ್ಕ ಕೊಡಬೇಕು.

ಇನ್ನು ಬರೀ ಅಂದಕ್ಕೆ 17, 18 ಇಂಚು ಅಂತ ಹೋಗೋರಿಗೆ: ಒಳಗೆ ಚಿಕ್ಕ ಬ್ರೇಕೇ ಇದ್ದರೆ ಸಿಕ್ಕ ಜಾಗ ಖಾಲಿ ಮನೆ, ಬಾಡಿಗೆ ಮಾತ್ರ ಕಟ್ಟುತ್ತಿರಬೇಕು. ಬಾಡಿಗೆ ಅಂದ್ರೆ ಹೆಚ್ಚಿನ ತೂಕ ಮತ್ತು ಕುಳ್ಳ ಗೋಡೆಯ ಟೈರು. ಬೆಂಗಳೂರಿನ ಮಳೆಗಾಲದ ಗುಂಡಿಯಲ್ಲಿ ಆ 101 ಮಿ.ಮೀ. ಗೋಡೆ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ :) ಹಾಗೆಯೇ, ದೊಡ್ಡ ಬ್ರೇಕು ಹಾಕಿದ ಮಾತ್ರಕ್ಕೆ ಕಾರು ತಕ್ಷಣ ಹತ್ತಿರದಲ್ಲೇ ನಿಂತುಬಿಡಲ್ಲ. ಆರೋಗ್ಯವಾಗಿರೋ ಮಾಮೂಲಿ ಬ್ರೇಕೂ ಗಾಲಿಯನ್ನು ಲಾಕ್ ಮಾಡಬಲ್ಲದು, ನಿಲ್ಲಿಸೋ ದೂರ ತೀರ್ಮಾನ ಮಾಡೋದು ಟೈರಿನ ಹಿಡಿತ. ದೊಡ್ಡ ಬ್ರೇಕಿನ ಉಪಯೋಗ ಎರಡನೇ ಸಲ, ಹತ್ತನೇ ಸಲ, ಘಾಟಿ ಇಳಿಯುವಾಗ ಮತ್ತೆ ಮತ್ತೆ ತುಳಿದಾಗಲೂ ಮೊದಲಿನಷ್ಟೇ ನಂಬಿಕೆಯಿಂದ ಕೆಲಸ ಮಾಡೋದು.

ಬುಗಾಟಿ ಎರಡನ್ನೂ ಒಟ್ಟಿಗೆ ಎರಕ ಹೊಯ್ದ, ಇಸಿಗೋನಿಸನ ಪುಟ್ಟ ಗಾಲಿಯೊಳಗೆ ಅರ್ಧರ್ಧ ಇಂಚಿಗೆ ಪರದಾಡಿದರು, ಜಪಾನಿನವರು ಜೋಡಿಯಾಗಿಯೇ ಬದಲಾಯಿಸಿದರು. ದಾರಿ ಬೇರೆ ಬೇರೆ, ಪಾಠ ಒಂದೇ. ಗಾಲಿ ಕಾರಿನ ಅಲಂಕಾರ ಆಗೋ ಮೊದಲು ಬ್ರೇಕಿನ ಮನೆ. ಮನೆ ಕಟ್ಟೋ ಮೊದಲು ಒಳಗೆ ಯಾರಿರ್ತಾರೆ ಅಂತ ಕೇಳಬೇಕಲ್ವಾ? ಮುಂದಿನ ಸಲ ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಕಾರಿನ ಬಣ್ಣ ಬಿಡಿ, ಆ ಸಂದಿ ನೋಡಿ. ನಿಮ್ಮ ಕಾರಿನ ಸಂದಿ ಎಷ್ಟಿದೆ ಅಂತಲೂ ಒಮ್ಮೆ ನೋಡಿ.